ಹಳೇ ಲ್ಯಾಪ್‌ಟಾಪ್, ಹೊಸ ಟಿವಿ: ನಡುವಿನ ವೈರಿಗೂ ಒಂದು ಚರಿತ್ರೆ ಇದೆ

ನಿಮ್ಮ ಮನೆಯ ಟಿವಿಯನ್ನು ಸ್ವಲ್ಪ ಸರಿಸಿ ಅದರ ಬೆನ್ನು ನೋಡಿ. ಒಂದು ಮೂಲೆಯಲ್ಲಿ ಆಂಟೆನಾ ಚುಚ್ಚುವ ತೂತು. ಪಕ್ಕದಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ದುಂಡನೆಯ ತೂತು. ಇನ್ನೊಂದು ಕಡೆ ಚಪ್ಪಟೆಯಾದ ಎಚ್‌ಡಿಎಂಐ ಕಿಂಡಿ. ಹತ್ತು ವರ್ಷ ಹಿಂದಿನ ಟಿವಿಯಾದರೆ ಕೆಲವದರಲ್ಲಿ 15 ಸಣ್ಣ ರಂಧ್ರಗಳಿರುವ ನೀಲಿ ಕಿಂಡಿಯೂ ಇರುತ್ತದೆ. ಇವೆಲ್ಲ ಒಂದೇ ಕಾಲದವಲ್ಲ. ಒಂದೊಂದು ತೂತಿಗೂ ಬೇರೆ ಬೇರೆ ವಯಸ್ಸು.

ಈಗ ಅಟ್ಟದ ಮೇಲಿರುವ ಲ್ಯಾಪ್‌ಟಾಪ್ ಇಳಿಸಿ. ಅಣ್ಣ ಡಿಪ್ಲೊಮಾ ಓದುವಾಗ ತಂದದ್ದು, ಬ್ಯಾಟರಿ ಸತ್ತಿದೆ, ಚಾರ್ಜರ್ ಹಾಕಿದರೆ ಮಾತ್ರ ಓಡುತ್ತದೆ. ಅದರಿಂದ ಯಕ್ಷಗಾನವನ್ನೋ ಮಗಳ ಪಾಠವನ್ನೋ ಟಿವಿಯಲ್ಲಿ ನೋಡೋಣ ಅಂದರೆ ಪಿನ್ನು ಹೊಂದುವುದಿಲ್ಲ. ಹೊಂದಿದರೆ ದನಿ ಬರುವುದಿಲ್ಲ. ದನಿ ಬಂದರೆ ಚಿತ್ರದ ಅಂಚು ಕತ್ತರಿಸಿದಂತಿರುತ್ತದೆ. ಎಲ್ಲ ಸರಿಯಾಯಿತು ಅನ್ನುವಾಗ ಸಿನಿಮಾ ಬರುವ ಜಾಗದಲ್ಲಿ ಬರೀ ಕಪ್ಪು. ಲ್ಯಾಪ್‌ಟಾಪ್ ಹಾಳಾಗಿದೆ ಎಂದು ಜನ ಮತ್ತೆ ಅಟ್ಟಕ್ಕೆ ಹಾಕುತ್ತಾರೆ. ಬಹಳ ಸಲ ಅದು ಹಾಳಾಗಿರುವುದಿಲ್ಲ. ಈ ನಾಲ್ಕು ತೊಂದರೆಗಳ ಹಿಂದೆಯೂ ಎಲ್ಲೋ ಯಾರೋ ಮಾಡಿದ ತೀರ್ಮಾನಗಳಿವೆ.

ಟಿವಿ ಅಂದರೆ ಮೊದಲಿಗೆ ಗಾಳಿಯಲ್ಲಿ ಬಂದದ್ದನ್ನು ಹಿಡಿಯುವ ಪೆಟ್ಟಿಗೆ, ಅಷ್ಟೇ. ನಮ್ಮ ದೇಶದಲ್ಲಿ ಅದು ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಹಳ್ಳಿಗೆ ಬಂದ ಬಗೆ ಇನ್ನೂ ಸ್ವಾರಸ್ಯದ್ದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದವು. ಸೈಟ್ ಎಂದು ಅದರ ಹೆಸರು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿಯ ಡಿಶ್, ಕೆಳಗೆ ಒಂದು ಟಿವಿ, ಮುಂದೆ ಊರಿಗೆ ಊರೇ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಏನು ತೋರಿಸಬೇಕು ಅನ್ನುವುದನ್ನು ಮೇಲಿನವರು ತೀರ್ಮಾನಿಸುತ್ತಿದ್ದರು. ನೋಡುವವರು ಆ ಪೆಟ್ಟಿಗೆಗೆ ತಮ್ಮದೇ ಆದದ್ದನ್ನು ಚುಚ್ಚಲು ಜಾಗವೇ ಇರಲಿಲ್ಲ.

ಆ ಜಾಗ ಹುಡುಕಿದವರು ಕಂಪ್ಯೂಟರಿನವರು. 1982ರಲ್ಲಿ ಇಂಗ್ಲೆಂಡಿನಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್, ಅಮೆರಿಕದಲ್ಲಿ ಕಮೊಡೋರ್ 64 ಎಂಬ ಅಗ್ಗದ ಕಂಪ್ಯೂಟರುಗಳು ಬಂದವು. ಅವು ಅಗ್ಗವಾಗಿದ್ದಕ್ಕೆ ಒಂದು ಕಾರಣ, ಪರದೆ ಜೊತೆಗೆ ಬರುತ್ತಿರಲಿಲ್ಲ. ಮನೆಯ ಟಿವಿಯೇ ಪರದೆ. ಕಂಪ್ಯೂಟರಿನೊಳಗೆ ಒಂದು ಪುಟ್ಟ ಪ್ರಸಾರ ಯಂತ್ರವೇ ಇತ್ತು ಅನ್ನಬಹುದು. ಅದು ಚಿತ್ರವನ್ನು ಟಿವಿ ಸ್ಟೇಷನ್ನಿನ ಸಿಗ್ನಲ್‌ನಂತೆ ಬದಲಿಸಿ ಆಂಟೆನಾ ತೂತಿಗೆ ಕಳಿಸುತ್ತಿತ್ತು. ಚಾನೆಲ್ ತಿರುಗಿಸಿ ಹುಡುಕಿದರೆ ದೂರದರ್ಶನದಂತೆ ಕಂಪ್ಯೂಟರೂ ಸಿಗುತ್ತಿತ್ತು! ಅಂದರೆ ಕಂಪ್ಯೂಟರನ್ನು ಟಿವಿಗೆ ಜೋಡಿಸುವುದು ಹೊಸ ಆಸೆಯಲ್ಲ. ಇಬ್ಬರೂ ಮೊದಲು ಒಂದೇ ಮನೆಯಲ್ಲಿದ್ದವರು.

ಬೇರೆಯಾಗಲು ಕಾರಣ ಅಕ್ಷರ. ನಮ್ಮ ಡಬ್ಬಾ ಟಿವಿಯ ಚಿತ್ರ 625 ಗೆರೆಗಳದ್ದು. ಅದನ್ನೂ ಒಂದೇ ಸಲಕ್ಕೆ ಬಿಡಿಸುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು. ಆರು ಅಡಿ ದೂರ ಕೂತು ರಾಮಾಯಣ ನೋಡಲು ಅಷ್ಟು ಸಾಕು. ಹತ್ತಿರ ಕೂತು ಲೆಕ್ಕದ ಪಟ್ಟಿ ಓದಲು ಸಾಲದು, ಅಕ್ಷರ ನಡುಗುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಒಂದು ಸಾಲಿಗೆ 32 ಅಕ್ಷರ ಮಾತ್ರ ಹಿಡಿಯುತ್ತಿತ್ತು, ಆಫೀಸಿನವರಿಗೆ 80 ಬೇಕಿತ್ತು. ಹಾಗಾಗಿ ಆಫೀಸಿನ ಕಂಪ್ಯೂಟರುಗಳು ತಮ್ಮದೇ ಮಾನಿಟರ್ ಇಟ್ಟುಕೊಂಡವು. 1987ರಲ್ಲಿ ಐಬಿಎಂ ಕಂಪನಿ ವಿಜಿಎ ತಂದಿತು. ಅದೇ 15 ಪಿನ್ನಿನ ಕಿಂಡಿ, ಎರಡು ಪಕ್ಕಕ್ಕೂ ತಿರುಪು ಬಿಗಿಯುವಂಥದ್ದು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಬೇರೆ ಬೇರೆ ತಂತಿ. ಆದ್ದರಿಂದ ಚಿತ್ರ ಚೊಕ್ಕ.

ಆದರೆ ಅದರಲ್ಲಿ ದನಿಗೆ ತಂತಿಯೇ ಇಲ್ಲ. ಯಾಕೆಂದರೆ ಆ ಕಾಲದ ಆಫೀಸ್ ಕಂಪ್ಯೂಟರಿಗೆ ಬೀಪ್ ಅನ್ನುವುದು ಬಿಟ್ಟು ಬೇರೆ ದನಿ ಇರಲಿಲ್ಲ. ಇರದಿದ್ದನ್ನು ಕಳಿಸಲು ತಂತಿ ಯಾರು ಹಾಕುತ್ತಾರೆ? ಇವತ್ತು ನೀವು ವಿಜಿಎ ಕೇಬಲ್ ಚುಚ್ಚಿದಾಗ ಟಿವಿ ಮೂಕಿಯಾಗುವುದು ಇದಕ್ಕೇ. ಹೆಡ್‌ಫೋನ್ ತೂತಿನಿಂದ ಇನ್ನೊಂದು ವೈರು ಎಳೆದು ಟಿವಿಯ ಆಡಿಯೊ ಇನ್‌ಗೋ, ಮನೆಯ ಹೋಮ್ ಥಿಯೇಟರಿಗೋ ಕೊಡಬೇಕು.

ಅಂಚು ಕತ್ತರಿಸುವ ಕಥೆ ಇನ್ನೂ ಹಳೆಯದು. ಡಬ್ಬಾ ಟಿವಿಯ ಗಾಜಿನ ಕೊಳವೆಯಲ್ಲಿ ಚಿತ್ರದ ಅಂಚು ನೇರವಾಗಿ ನಿಲ್ಲುತ್ತಿರಲಿಲ್ಲ. ಕರೆಂಟಿನ ವೋಲ್ಟೇಜ್ ಏರಿಳಿದರೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು. ವೋಲ್ಟೇಜಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ಟಿವಿ ಮಾಡುವವರು ಚಿತ್ರವನ್ನು ಚೌಕಟ್ಟಿಗಿಂತ ಸ್ವಲ್ಪ ದೊಡ್ಡದಾಗಿಯೇ ಹರಡಿ ಅಂಚನ್ನು ಪ್ಲಾಸ್ಟಿಕ್ಕಿನ ಹಿಂದೆ ಮುಚ್ಚಿಬಿಟ್ಟರು. ಸ್ಟೇಷನ್ನಿನವರೂ ಮುಖ್ಯವಾದದ್ದನ್ನು ಅಂಚಿನಿಂದ ದೂರ ಇಟ್ಟರು. ಗಾಜಿನ ಕೊಳವೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಇವತ್ತಿನ ಎಷ್ಟೋ ಚಪ್ಪಟೆ ಟಿವಿಗಳೂ ಬಂದ ಚಿತ್ರವನ್ನು ಸುಮ್ಮನೆ ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಸಿನಿಮಾದಲ್ಲಿ ಅದು ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್ ಜೋಡಿಸಿದಾಗ ಕೆಳಗಿನ ಪಟ್ಟಿ, ಸ್ಟಾರ್ಟ್ ಬಟನ್ ಕಾಣೆಯಾಗಿ ಗೊತ್ತಾಗುತ್ತದೆ. ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬಂಥ ಹೆಸರು ಹುಡುಕಿ ಒತ್ತಿದರೆ ಕಳೆದುಹೋದ ಅಂಚು ವಾಪಸ್ ಬರುತ್ತದೆ.

ಹಳದಿ, ಕೆಂಪು, ಬಿಳಿ ವೈರು ನಮಗೆ ಹೆಚ್ಚು ಪರಿಚಯ. ವಿಸಿಆರ್, ಆಮೇಲೆ ಡಿವಿಡಿ ಪ್ಲೇಯರ್, ಆಮೇಲೆ ಡಿಶ್ ಬಾಕ್ಸ್, ಎಲ್ಲವೂ ಅದರಲ್ಲೇ ಬಂದವು. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ದನಿ. ಆ ವೈರಿಗೆ ಯಾವ ಅನುಮಾನವೂ ಇರಲಿಲ್ಲ. ಈ ತುದಿಯಲ್ಲಿ ಕೊಟ್ಟದ್ದನ್ನು ಆ ತುದಿಗೆ ಒಯ್ಯುತ್ತಿತ್ತು, ಆ ತುದಿಯಲ್ಲಿ ಟಿವಿ ಇದೆಯೋ ರೆಕಾರ್ಡ್ ಮಾಡುವ ಯಂತ್ರ ಇದೆಯೋ ಕೇಳುತ್ತಿರಲಿಲ್ಲ. ಸಿನಿಮಾ ಕಂಪನಿಗಳಿಗೆ ಕಣ್ಣು ಕೆಂಪಾದದ್ದು ಇಲ್ಲೇ.

ಅಮೆರಿಕದಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು ಸೋನಿಯ ಮೇಲೆ ಕೇಸು ಹಾಕಿದ್ದವು. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಯಂತ್ರ ಮಾರುವುದೇ ತಪ್ಪು ಎಂದು ವಾದ. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ಆಗಿ ಸೋನಿಯ ಪರ ತೀರ್ಪು ಕೊಟ್ಟಿತು. ಬಿಡುವಾದಾಗ ನೋಡಲು ರೆಕಾರ್ಡ್ ಮಾಡಿಕೊಳ್ಳುವುದು ಜನರಿಗೆ ಬಿಟ್ಟದ್ದು ಎಂದಾಯಿತು. ಐದೇ ವರ್ಷದಲ್ಲಿ, 1989ರಲ್ಲಿ, ಅದೇ ಸೋನಿ ಕೊಲಂಬಿಯಾ ಎಂಬ ದೊಡ್ಡ ಸಿನಿಮಾ ಕಂಪನಿಯನ್ನು ಕೊಂಡಿತು. ಬೇಲಿಯ ಈ ಕಡೆ ಇದ್ದವರು ಆ ಕಡೆಗೂ ಕಾಲಿಟ್ಟರು.

1999ರಲ್ಲಿ ಡಿವಿಡಿಗೆ ಹಾಕಿದ್ದ ಬೀಗ ಒಡೆಯಿತು. ಅದಕ್ಕೆ ಹೆಸರಾದವನು ನಾರ್ವೆಯ ಹದಿಹರೆಯದ ಹುಡುಗ. ಕೇಸು ನಡೆದು ಕೊನೆಗೆ ಖುಲಾಸೆಯಾದ. ಹಾಡುಗಳಂತೂ ಇಂಟರ್ನೆಟ್ಟಿನಲ್ಲಿ ಕೈಯಿಂದ ಕೈಗೆ ಹರಿಯುತ್ತಿದ್ದವು. ಇನ್ನು ಡಿಜಿಟಲ್ ವೈರಿನಲ್ಲಿ ಚಿತ್ರ ಹರಿಸಿದರೆ ನಕಲೂ ಅಸಲಿನಷ್ಟೇ ಚೊಕ್ಕವಾಗಿರುತ್ತದಲ್ಲ, ಹಾಗಾಗಿ ವೈರಿಗೇ ಬೀಗ ಹಾಕಬೇಕು ಎಂಬ ಯೋಚನೆ ಗಟ್ಟಿಯಾಯಿತು. ಇಂಟೆಲ್ ಕಂಪನಿ ಎಚ್‌ಡಿಸಿಪಿ ಎಂಬ ಬೀಗ ಮಾಡಿತು. 2002ರ ಡಿಸೆಂಬರಿನಲ್ಲಿ ಸೋನಿ, ಪ್ಯಾನಸೋನಿಕ್, ಫಿಲಿಪ್ಸ್, ಹಿಟಾಚಿ, ತೋಷಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್ ಎಂಬ ಏಳು ಕಂಪನಿಗಳು ಸೇರಿ ಎಚ್‌ಡಿಎಂಐ ತಂದವು. ಹತ್ತೊಂಬತ್ತು ಪಿನ್ನು, ಚಿತ್ರ ಮತ್ತು ದನಿ ಒಂದೇ ವೈರಿನಲ್ಲಿ, ತಿರುಪು ಬಿಗಿಯುವ ಕೆಲಸವಿಲ್ಲ. ಅನುಕೂಲ ದೊಡ್ಡದೇ, ಅಲ್ಲಗಳೆಯಲಾಗದು. ಬೇರೆಯಾಗಿದ್ದ ಟಿವಿಯೂ ಕಂಪ್ಯೂಟರೂ ಮತ್ತೆ ಒಂದಾದದ್ದು ಈ ವೈರಿನಲ್ಲೇ. ಜೊತೆಗೆ ಆ ಬೀಗಕ್ಕೂ ಅದರಲ್ಲಿ ಜಾಗವಿತ್ತು.

ಬೀಗ ಕೆಲಸ ಮಾಡುವುದು ಹೀಗೆ. ದುಡ್ಡು ಕೊಟ್ಟು ನೋಡುವ ಸಿನಿಮಾ ಹಾಕಿದಾಗ ಲ್ಯಾಪ್‌ಟಾಪು ಟಿವಿಯನ್ನು ಗುಟ್ಟಿನ ಸಂಖ್ಯೆ ಕೇಳುತ್ತದೆ. ಟಿವಿ ಸರಿಯಾದ ಉತ್ತರ ಕೊಟ್ಟರೆ ಚಿತ್ರವನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ. ಉತ್ತರ ಬರದಿದ್ದರೆ ಕೆಲವು ಕಂಪನಿಗಳ ಸಿನಿಮಾ ಮಸುಕಾಗಿ ಬರುತ್ತದೆ, ಕೆಲವದು ಬರುವುದೇ ಇಲ್ಲ. ಹಳದಿ ವೈರಿಗೂ ವಿಜಿಎಗೂ ಉತ್ತರ ಕೊಡಲು ಬಾಯೇ ಇಲ್ಲ. ಯೂಟ್ಯೂಬಿನ ಸಾಮಾನ್ಯ ವಿಡಿಯೊಗಳಿಗೆ ಈ ತಂಟೆಯಿಲ್ಲ. ತಮಾಷೆಯೆಂದರೆ 2010ರಲ್ಲಿ ಈ ಬೀಗದ ಮೂಲ ಕೀಲಿಯೇ ಸೋರಿ ಇಂಟರ್ನೆಟ್ಟಿಗೆ ಬಂತು. ಅದು ನಿಜವಾದ ಕೀಲಿ ಎಂದು ಇಂಟೆಲ್ ಒಪ್ಪಿತು. ಕದಿಯುವವನಿಗೆ ದಾರಿ ಸಿಕ್ಕಿತು. ಚಂದಾ ಕಟ್ಟಿ ಹಳೇ ವೈರಿನಲ್ಲಿ ನೋಡುವವನಿಗೆ ಕಪ್ಪು ಪರದೆ ಹಾಗೇ ಉಳಿಯಿತು.

ಅದೇ 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ ವಿಜಿಎಯನ್ನು ಕೈಬಿಡುವುದಾಗಿ ಘೋಷಿಸಿದವು. 2015ರ ಹೊತ್ತಿಗೆ ಮುಗಿಸುವ ಲೆಕ್ಕ. ಅಷ್ಟು ಬೇಗ ಅದು ಸಾಯಲಿಲ್ಲ. ಕಾಲೇಜು, ಆಫೀಸುಗಳ ಪ್ರೊಜೆಕ್ಟರುಗಳೆಲ್ಲ ವಿಜಿಎಯವು. ಹಾಗಾಗಿ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎರಡೂ ಕಿಂಡಿ ಕೆಲ ಕಾಲ ಅಕ್ಕಪಕ್ಕ ಇದ್ದವು. ನಿಮ್ಮ ಹಳೆಯದರಲ್ಲಿ ಎಚ್‌ಡಿಎಂಐ ಇದ್ದರೆ ಅರ್ಧ ಕಷ್ಟ ಕಳೆಯಿತು. ವೈರು ಚುಚ್ಚಿ, ವಿಂಡೋಸ್ ಗುರುತಿನ ಕೀ ಹಿಡಿದು ಪಿ ಒತ್ತಿ, ಡೂಪ್ಲಿಕೇಟ್ ಆರಿಸಿ. ದನಿ ಲ್ಯಾಪ್‌ಟಾಪಿನಲ್ಲೇ ಉಳಿದರೆ ಸ್ಪೀಕರ್ ಗುರುತಿಗೆ ಹೋಗಿ ಟಿವಿಯ ಹೆಸರು ಆರಿಸಿ.

ವಿಜಿಎ ಮಾತ್ರ ಇದ್ದರೆ ಮೊದಲು ಟಿವಿಯಲ್ಲಿ ನೀಲಿ ಕಿಂಡಿ ಹುಡುಕಿ. ಇಲ್ಲದಿದ್ದರೆ ಪೇಟೆಗೆ ಹೋಗಬೇಕು, ಮೋಸ ಹೋಗುವುದೂ ಇಲ್ಲೇ. ಒಂದು ತುದಿ ವಿಜಿಎ, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಬರೀ ವೈರು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ವಿಜಿಎಯದು ಏರಿಳಿಯುವ ಅಲೆ, ಎಚ್‌ಡಿಎಂಐಯದು ಸೊನ್ನೆ ಒಂದರ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ನಡುವೆ ಚಿಪ್ ಇರುವ ಕನ್ವರ್ಟರ್ ಬೇಕು. ಕೆಲವು ನೂರು ರೂಪಾಯಿಗೆ ಬರುತ್ತದೆ. ಅದಕ್ಕೆ ಯುಎಸ್‌ಬಿಯಿಂದ ಕರೆಂಟು ಕೊಡುವ ವೈರು ಮತ್ತು ದನಿಗೆ ಹೆಡ್‌ಫೋನ್ ಪಿನ್ನು ಇದೆಯೇ ನೋಡಿ. ದಿಕ್ಕನ್ನೂ ಕೇಳಿ: ವಿಜಿಎಯಿಂದ ಎಚ್‌ಡಿಎಂಐಗೆ. ಹೊಸ ಲ್ಯಾಪ್‌ಟಾಪನ್ನು ಹಳೇ ಪ್ರೊಜೆಕ್ಟರಿಗೆ ಹಾಕುವ ಉಲ್ಟಾ ದಿಕ್ಕಿನದೂ ನೋಡಲು ಹೀಗೇ ಇರುತ್ತದೆ, ನಮಗೆ ಅದು ದಂಡ.

2013ರಲ್ಲಿ ಗೂಗಲ್ ಕ್ರೋಮ್‌ಕಾಸ್ಟ್ ಬಂದ ಮೇಲೆ ವೈರಿಲ್ಲದೆ ಟಿವಿಗೆ ಚಿತ್ರ ಕಳಿಸುವುದು ಮಾಮೂಲಾಯಿತು, 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಟಿವಿಯಲ್ಲಿ ಹೊತ್ತು ತಪ್ಪಿದರೆ ಪಾಠ ತಪ್ಪಿತು. ಕರೆಂಟು ಬಂದ ಮೇಲೆ ಯೂಟ್ಯೂಬಿನಲ್ಲಿ ನೋಡೋಣ ಅಂದರೆ ಅಪ್ಪನ ಫೋನಿನ ಅಂಗೈಯಗಲದ ಪರದೆ, ಅದಕ್ಕೆ ಮೂರು ತಲೆ. ಅಂಥ ಮನೆಗಳಲ್ಲಿ ಅಟ್ಟದ ಲ್ಯಾಪ್‌ಟಾಪಿಗೂ ಗೋಡೆಯ ಟಿವಿಗೂ ನಡುವೆ ಇರದಿದ್ದದ್ದು ಕೆಲವು ನೂರು ರೂಪಾಯಿಯ ವೈರು.

ವೈರು ಸಿಕ್ಕಿದ ಮೇಲೂ ಹಳೇ ಲ್ಯಾಪ್‌ಟಾಪ್ ಇನ್ನೊಂದು ಕಡೆ ಸೋಲುತ್ತಿದೆ. ವಿಂಡೋಸ್ 7 ಇರುವವುಗಳಿಗೆ ಗೂಗಲ್ 2023ರ ಫೆಬ್ರವರಿಯಿಂದ ಹೊಸ ಕ್ರೋಮ್ ಕೊಡುತ್ತಿಲ್ಲ, 109ನೆಯದೇ ಕೊನೆ. ವಿಡಿಯೊವನ್ನು ಸಣ್ಣದು ಮಾಡಿ ಕಳಿಸುವ ಹೊಸ ವಿಧಾನಗಳನ್ನು ಬಿಚ್ಚಲು ಹಳೇ ಚಿಪ್ಪಿಗೆ ಕಷ್ಟ, ಫ್ಯಾನ್ ಕೂಗುತ್ತದೆ, ಚಿತ್ರ ತಡವರಿಸುತ್ತದೆ. ಯೂಟ್ಯೂಬಿನ ಗೇರ್ ಗುರುತು ಒತ್ತಿ 480ಕ್ಕೆ ಇಳಿಸಿ ನೋಡಿ, ಬಹಳಷ್ಟು ಸಲ ಸರಾಗವಾಗುತ್ತದೆ. ಕಾಲೇಜಿಗೆ ಹೋಗುವ ಹುಡುಗರು ಯಾರಾದರೂ ಲಿನಕ್ಸ್ ಹಾಕಿಕೊಟ್ಟರೆ ಹೊಸ ಬ್ರೌಸರೂ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ಸ್ಮಾರ್ಟ್ ಟಿವಿ ಕೊಂಡವರಿಗೂ ಈ ಪಾಡು ತಪ್ಪಿಲ್ಲ. ಕೆಲ ವರ್ಷಕ್ಕೆ ಟಿವಿಯೊಳಗಿನ ಆ್ಯಪುಗಳಿಗೆ ಅಪ್‌ಡೇಟ್ ನಿಲ್ಲುತ್ತದೆ, ಒಂದೊಂದಾಗಿ ತೆರೆಯುವುದನ್ನು ಬಿಡುತ್ತವೆ. ಪರದೆ ಮಾತ್ರ ಚೆನ್ನಾಗಿಯೇ ಇರುತ್ತದೆ. ಆಗ ಮತ್ತೆ ಟಿವಿ ಸರಿಸಿ ಬೆನ್ನಿನ ಎಚ್‌ಡಿಎಂಐ ಕಿಂಡಿ ಹುಡುಕುತ್ತಾರೆ.