ಬಡಗಿಗೆ ಸಿಗದ ಪದಕ

ಪ್ರತಿ ವರ್ಷ ಜುಲೈ ಬಂತೆಂದರೆ ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ಶಿಫ್ಟ್ ಇನ್‌ಚಾರ್ಜ್‌ಗಳ ಕೈಗೆ ಅಪ್ರೈಸಲ್ ಫಾರಂಗಳು ಬರುತ್ತವೆ. ನನ್ನ ಶಿಫ್ಟಿನಲ್ಲಿ ಒಂಬತ್ತು ಜನ. ಕೇರಳದವರು ನಾಲ್ವರು, ಫಿಲಿಪ್ಪೀನ್ಸ್‌ನವರು ಇಬ್ಬರು, ಈಜಿಪ್ಟಿನವರು ಇಬ್ಬರು, ಕನ್ನಡಿಗ ನಾನೊಬ್ಬ. ಫಾರಂನಲ್ಲಿ ಹತ್ತು ಸಾಲುಗಳಿದ್ದರೂ ಇನ್‌ಕ್ರಿಮೆಂಟ್ ನಿಂತಿರುವುದು ಎರಡೇ ಸಾಲಿನ ಮೇಲೆ: ಕೆಲಸದ ಜ್ಞಾನ, ಸಹಕಾರ ಮನೋಭಾವ. ಐದಕ್ಕೆ ಎಷ್ಟು ಅಂತ ಹಾಕಬೇಕು. ಮೊದಲನೆಯದರಲ್ಲಿ ಐದು ಬರುವವನಿಗೆ ಎರಡನೆಯದರಲ್ಲಿ ಎರಡೂ ಬರದಿದ್ದರೆ ಏನು ಮಾಡುವುದು? ಡಿ.ಫಾರ್ಮಾ ಓದಿದ ಎರಡು ವರ್ಷದಲ್ಲಿ ಇದನ್ನು ನನಗೆ ಯಾರೂ ಕಲಿಸಲಿಲ್ಲ.

ಕೆಲ ವರ್ಷಗಳ ಹಿಂದೆ ಇದೇ ಜುಲೈನಲ್ಲಿ, ಹೊರಗೆ 46 ಡಿಗ್ರಿ ಸುಡುತ್ತಿರುವಾಗ, ರೂಮಿನಲ್ಲಿ ಎಸಿ ಹಾಕಿಕೊಂಡು ದಕ್ಷಿಣ ಧ್ರುವದ ಕಡೆಗೆ ಹೋದವರ ಚರಿತ್ರೆ ಓದುತ್ತಿದ್ದೆ. ಅರ್ನೆಸ್ಟ್ ಶಾಕಲ್ಟನ್ ಹೆಸರನ್ನು ನೀವೂ ಕೇಳಿರಬಹುದು. ಕಂಪನಿಗಳ ಟ್ರೈನಿಂಗ್‌ನಲ್ಲಿ ಆತನ ಫೋಟೊ ತೋರಿಸಿ, ಲೀಡರ್ ಅಂದರೆ ಹೀಗಿರಬೇಕು, ತನ್ನವರಲ್ಲಿ ಒಬ್ಬನನ್ನೂ ಸಾಯಗೊಡಲಿಲ್ಲ ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ಆತನ ಯಾತ್ರೆಯದೇ ಇನ್ನೊಂದು ತಂಡ ಅಂಟಾರ್ಕ್ಟಿಕಾದ ಆಚೆ ಬದಿಯಲ್ಲಿ, ರಾಸ್ ಸಮುದ್ರದ ಕಡೆ ಇತ್ತು. ಅಲ್ಲಿ ಮೂವರು ಸತ್ತರು. ಆದರೆ ಆತನ ಜೊತೆಗೇ ಇದ್ದವರು, ಆತನೂ ಸೇರಿ 28 ಜನ, ಬದುಕಿ ಬಂದದ್ದು ನಿಜ. ಆ 28ರಲ್ಲಿ ಒಬ್ಬ ಬಡಗಿ ಇದ್ದ. ಅವನ ವಿಷಯವನ್ನು ನಾನು ಕೂತ ಟ್ರೈನಿಂಗ್‌ನಲ್ಲಿ ಯಾರೂ ಎತ್ತಲಿಲ್ಲ.

ಎಂಡ್ಯೂರೆನ್ಸ್ ಎಂಬ ಹಡಗು 1914ರ ಡಿಸೆಂಬರ್ 5ರಂದು ದಕ್ಷಿಣ ಜಾರ್ಜಿಯಾ ದ್ವೀಪದಿಂದ ಹೊರಟಿತು. ಅಂಟಾರ್ಕ್ಟಿಕಾ ಖಂಡವನ್ನು ಈ ಕಡೆಯಿಂದ ಆ ಕಡೆಗೆ ನಡೆದೇ ದಾಟುವ ಯೋಜನೆ. ಖಂಡದ ನೆಲ ಮುಟ್ಟುವ ಮೊದಲೇ, 1915ರ ಜನವರಿಯಲ್ಲಿ, ವೆಡೆಲ್ ಸಮುದ್ರದ ಹಿಮ ಹಡಗನ್ನು ಹಿಡಿದುಕೊಂಡಿತು. ಒಂಬತ್ತು ತಿಂಗಳು ಹಿಮದ ಜೊತೆ ತೇಲಿ, ಕೊನೆಗೆ ಹಿಮದ ಒತ್ತಡಕ್ಕೇ ಹಡಗು ಒಡೆಯಿತು. ಅಕ್ಟೋಬರ್ 27ರಂದು ಅದನ್ನು ಬಿಟ್ಟು ಎಲ್ಲರೂ ಹಿಮದ ಮೇಲೆ ಟೆಂಟ್ ಹಾಕಿದರು. ನವೆಂಬರ್ 21ಕ್ಕೆ ಹಡಗು ಮುಳುಗಿತು.

ಇಲ್ಲಿಂದ ಮುಂದೆ ಶಾಕಲ್ಟನ್ ಜನರನ್ನು ನಡೆಸಿಕೊಂಡ ರೀತಿಯನ್ನು ನಾನು ಎರಡೆರಡು ಸಲ ಓದಿದೆ. ಆತ ಎಲ್ಲರಿಗೂ ಒಂದೇ ಮದ್ದು ಕೊಡಲಿಲ್ಲ. ಫೋಟೊಗ್ರಾಫರ್ ಫ್ರ್ಯಾಂಕ್ ಹರ್ಲಿ ಮಹಾ ಕೆಲಸಗಾರ, ಆದರೆ ತನ್ನನ್ನು ಕೇಳದೆ ಏನಾದರೂ ಮಾಡಿದರೆ ಮುಖ ಊದಿಸಿಕೊಳ್ಳುವವನು. ಅವನನ್ನು ತನ್ನ ಟೆಂಟಿನಲ್ಲೇ ಇಟ್ಟುಕೊಂಡು ಪ್ರತಿಯೊಂದಕ್ಕೂ ಸಲಹೆ ಕೇಳಿದ. ಆರ್ಡ್-ಲೀಸ್ ಎಂಬವನಿಗೆ ಮೈಮುರಿದು ದುಡಿಯುವುದೆಂದರೆ ಆಗದು, ಆದರೆ ಸಾಮಾನು ಕೂಡಿಡುವ ಚಟ ವಿಪರೀತ. ಅವನೇ ಸ್ಟೋರ್‌ಕೀಪರ್. (ನಮ್ಮಲ್ಲೂ ಹೀಗೊಬ್ಬರಿದ್ದಾರೆ. ಇಲ್ಲ ಎಂದ ಇಂಜೆಕ್ಷನ್ ಸ್ಟಾಕ್ ಚೆಕ್ಕಿಂಗ್ ದಿನ ಅವರ ಕಪಾಟಿನಿಂದಲೇ ಹೊರಬರುತ್ತದೆ.) ಬ್ಯೂನಸ್ ಐರಿಸ್‌ನಲ್ಲಿ ಕದ್ದು ಹಡಗು ಹತ್ತಿದ್ದ ಬ್ಲ್ಯಾಕ್‌ಬರೋ ಎಂಬ ಹುಡುಗನಿಗೆ ಕೆಲಸ ಬಾರದು, ಉತ್ಸಾಹ ಮಾತ್ರ ಬೇಕಾದಷ್ಟು. ಅವನು ಅಡುಗೆಮನೆಗೆ ಹೋದ. ಹಡಗು ಬಿಡುವಾಗ ತಲೆಗೆ ಎರಡು ಪೌಂಡ್ ಸ್ವಂತ ಸಾಮಾನಷ್ಟೇ ಎಂದು ಕಟ್ಟುನಿಟ್ಟು ಮಾಡಿದ ಶಾಕಲ್ಟನ್, ಹಸಿ ಎಂಬವನ ಬ್ಯಾಂಜೊ ವಾದ್ಯವನ್ನು ಮಾತ್ರ ಉಳಿಸಿಕೊಂಡ. ಅದು ಮನಸ್ಸಿಗೆ ಬೇಕಾದ ಔಷಧ ಅಂದನಂತೆ. ಔಷಧದವನಾಗಿ ನಾನು ಒಪ್ಪುತ್ತೇನೆ.

ಇನ್ನು ಬಡಗಿ. ಹ್ಯಾರಿ ಮೆಕ್‌ನಿಶ್, ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋದವನು, 1874ರಲ್ಲಿ ಹುಟ್ಟಿದವನು. ಅಂದರೆ ಶಾಕಲ್ಟನ್‌ಗೆ ಸಮವಯಸ್ಕ. ಒರಟು ಮಾತು, ಯಾರಿಗೂ ಬಗ್ಗದ ಸ್ವಭಾವ. ಕೈಕೆಲಸದಲ್ಲಿ ಅವನ ಸಮ ಆ ಹಡಗಿನಲ್ಲಿ ಇನ್ನೊಬ್ಬನಿರಲಿಲ್ಲ. ಹಡಗು ಸೋರತೊಡಗಿದಾಗ ಕೊರೆಯುವ ನೀರಿನಲ್ಲಿ ನಿಂತು ಅಡ್ಡಗೋಡೆ ಕಟ್ಟಿದವನು ಅವನು. ಜೊತೆಗೊಂದು ಬೆಕ್ಕು ತಂದಿದ್ದ. ಬಡಗಿಯ ಹಿಂದೆಯೇ ಸುತ್ತುತ್ತಿದ್ದುದರಿಂದ ಅದಕ್ಕೆ ಮಿಸೆಸ್ ಚಿಪ್ಪಿ ಎಂದು ಹೆಸರು. ಗಂಡು ಬೆಕ್ಕು ಎಂದು ಆಮೇಲೆ ಗೊತ್ತಾಯಿತು. ಹಡಗು ಬಿಟ್ಟ ಎರಡೇ ದಿನಕ್ಕೆ, ಸಾಕಲು ಆಗದ ಪ್ರಾಣಿಗಳನ್ನೆಲ್ಲ ಗುಂಡಿಟ್ಟು ಕೊಲ್ಲಿಸಿದಾಗ, ಅದೂ ಹೋಯಿತು. ಶಾಕಲ್ಟನ್‌ನನ್ನು ಮೆಕ್‌ನಿಶ್ ಇದಕ್ಕಾಗಿ ಕೊನೆಯವರೆಗೂ ಕ್ಷಮಿಸಲಿಲ್ಲ.

ಡಿಸೆಂಬರ್ 23ರಿಂದ ದೋಣಿಗಳನ್ನು ಸ್ಲೆಡ್ಜ್ ಮೇಲಿಟ್ಟು ಹಿಮದಲ್ಲಿ ಎಳೆಯುವ ಕೆಲಸ ಶುರುವಾಯಿತು. ಮೆತ್ತಗಾದ ಹಿಮ, ಮೊಣಕಾಲುದ್ದ ಹೂತುಹೋಗುವ ಕಾಲು. ಮೆಕ್‌ನಿಶ್‌ಗೆ ಮೂಲವ್ಯಾಧಿ ಬೇರೆ. ಎಳೆದಷ್ಟೂ ದೋಣಿಗಳಿಗೆ ಪೆಟ್ಟು, ಇದರಿಂದ ಏನೂ ಪ್ರಯೋಜನವಿಲ್ಲ ಎಂಬುದು ಅವನ ಲೆಕ್ಕ. 27ರಂದು ಅವನು ನಿಂತುಬಿಟ್ಟ, ಎಳೆಯುವುದಿಲ್ಲ ಎಂದ. ಅವನು ಎತ್ತಿದ ಪ್ರಶ್ನೆ ಗಲ್ಫ್‌ನಲ್ಲಿರುವ ನಮಗೆ ಬೇಗ ಅರ್ಥವಾಗುತ್ತದೆ. ನಾನು ಸಹಿ ಹಾಕಿದ್ದು ಹಡಗಿನ ಕೆಲಸಕ್ಕೆ. ಹಡಗೇ ಮುಳುಗಿದ ಮೇಲೆ ಕಾಂಟ್ರ್ಯಾಕ್ಟ್ ಎಲ್ಲಿದೆ, ನಿನ್ನ ಮಾತನ್ನು ನಾನೇಕೆ ಕೇಳಬೇಕು?

ಹುಚ್ಚುವಾದವೇನಲ್ಲ. ಹಡಗು ಮುಳುಗಿದರೆ ನಾವಿಕರ ಸಂಬಳವೂ ಅಂದಿಗೇ ನಿಲ್ಲುವುದು ಆಗಿನ ಬ್ರಿಟಿಷ್ ರೂಢಿ. ಕಂಪನಿ ಬಾಗಿಲು ಹಾಕಿದ ಮೇಲೆ ಬಾಕಿ ಸಂಬಳಕ್ಕೆ ಅಲೆದವರು ನಮ್ಮ ಸಂಘದಲ್ಲೇ ಇದ್ದಾರೆ, ಅವರಿಗೆ ನಾನು ಹೇಳಬೇಕಾಗಿಲ್ಲ. ಶಾಕಲ್ಟನ್ ಅಲ್ಲಿ ಕೂಗಾಡಲಿಲ್ಲ. ಎಲ್ಲರನ್ನೂ ಸೇರಿಸಿ ಒಪ್ಪಂದದ ಪತ್ರವನ್ನು ಗಟ್ಟಿಯಾಗಿ ಓದಿಸಿ, ಹಡಗಿನಲ್ಲಿರಲಿ, ದೋಣಿಯಲ್ಲಿರಲಿ, ದಡದಲ್ಲಿರಲಿ ಆಜ್ಞೆ ಪಾಲಿಸಬೇಕು ಎಂಬ ಮಾತು ಅದರಲ್ಲಿರುವುದನ್ನು ತೋರಿಸಿದ. ಊರು ತಲುಪುವವರೆಗೂ ಸಂಬಳ ನಡೆಯುತ್ತದೆ ಎಂದೂ ಭರವಸೆ ಕೊಟ್ಟ. ಬಡಗಿಯ ಜೊತೆ ಬೇರೆ ಯಾರೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನೂ ಎದ್ದು ಹಗ್ಗ ಹಿಡಿದ. ಇಷ್ಟಾದ ಎರಡನೇ ದಿನಕ್ಕೆ ಹಿಮ ದಾಟಲಾರದ್ದು ಎಂದು ಕಂಡುಬಂದು ಶಾಕಲ್ಟನ್‌ನೇ ಎಳೆಯುವುದನ್ನು ನಿಲ್ಲಿಸಿದ. ಬಡಗಿಯ ಲೆಕ್ಕ ತಪ್ಪಾಗಿರಲಿಲ್ಲ! ಆದರೆ ಈ ಕಷ್ಟದ ಹೊತ್ತಿನಲ್ಲಿ ಬಡಗಿ ಮಾಡಿದ್ದನ್ನು ತಾನು ಮರೆಯುವುದಿಲ್ಲ ಎಂದು ಶಾಕಲ್ಟನ್ ಡೈರಿಯಲ್ಲಿ ಬರೆದುಕೊಂಡಿದ್ದ.

ಆಮೇಲೆ ಆ 28 ಜನರ ಜೀವ ನಿಂತಿದ್ದು ಈ ಮನುಷ್ಯನ ಬಾಚಿ, ಗರಗಸದ ಮೇಲೆ. ಮೂರೂ ದೋಣಿಗಳು ಹಡಗಿನ ಪಕ್ಕಕ್ಕೆ ತೂಗುಹಾಕುವಂಥವು, ಮಹಾಸಾಗರಕ್ಕೆ ಮಾಡಿದವಲ್ಲ. ಮೆಕ್‌ನಿಶ್ ಒಡೆದ ಹಡಗಿನ ಹಲಗೆ ತಂದು, ಪೆಟ್ಟಿಗೆಗಳಿಂದ ಕಿತ್ತ ಮೊಳೆ ಹೊಡೆದು, ಅವುಗಳ ಅಂಚನ್ನು ಎತ್ತರಿಸಿದ್ದ. ಸಂದುಗಳಿಗೆ ದೀಪದ ಬತ್ತಿ ತುರುಕಿ, ಚಿತ್ರಕಾರ ಮಾರ್ಸ್ಟನ್‌ನ ಬಣ್ಣ ಮೆತ್ತಿ, ಸೀಲ್ ಪ್ರಾಣಿಯ ರಕ್ತವನ್ನೂ ಬಳಸಿದ. 1916ರ ಏಪ್ರಿಲ್‌ನಲ್ಲಿ ಹಿಮ ಒಡೆದಾಗ ಆ ದೋಣಿಗಳಲ್ಲೇ ಎಲ್ಲರೂ ಎಲಿಫೆಂಟ್ ದ್ವೀಪ ಮುಟ್ಟಿದರು. ಜನವಿಲ್ಲದ ಬಂಡೆ ಅದು. ಅಲ್ಲಿ ಅವನು ಜೇಮ್ಸ್ ಕೇರ್ಡ್ ಎಂಬ 22.5 ಅಡಿಯ ದೋಣಿಗೆ ಸ್ಲೆಡ್ಜಿನ ಮರ, ಪೆಟ್ಟಿಗೆಯ ಮುಚ್ಚಳ, ಕ್ಯಾನ್ವಾಸ್ ಸೇರಿಸಿ ಮೇಲ್ಮುಚ್ಚಿಗೆ ಮಾಡಿದ. ಕ್ಯಾನ್ವಾಸ್ ಹಲಗೆಯ ಹಾಗೆ ಹೆಪ್ಪುಗಟ್ಟಿತ್ತು, ಒಲೆಯ ಮೇಲೆ ಹಿಡಿದು ತುಸುತುಸುವೇ ಕರಗಿಸಿ ಹೊಲಿಯಬೇಕಾಯಿತು. ನಮ್ಮ ಮಲ್ಪೆಯ ಟ್ರಾಲ್ ಬೋಟ್ ನೋಡಿದವರು ಅದರ ಅರ್ಧ ಅಳತೆ ಅಂದುಕೊಳ್ಳಿ, ಎಂಜಿನ್ ಇಲ್ಲ.

ಏಪ್ರಿಲ್ 24ರಂದು ಅದರಲ್ಲಿ ಆರು ಜನ ಹೊರಟರು. ಕ್ರೀನ್, ವೋರ್ಸ್ಲಿ, ಮೆಕಾರ್ಥಿ, ಇವರನ್ನು ಶಾಕಲ್ಟನ್ ಆರಿಸಿದ್ದು ಸಹಜ. ಉಳಿದಿಬ್ಬರು ಮೆಕ್‌ನಿಶ್ ಮತ್ತು ಇನ್ನೊಬ್ಬ ಜಗಳಗಂಟ ವಿನ್ಸೆಂಟ್. ದೋಣಿಗೆ ಬಡಗಿ ಬೇಕು ಎಂಬುದು ಒಂದು ಕಾರಣ. ತಾನಿಲ್ಲದಾಗ ಇವರಿಬ್ಬರು ದ್ವೀಪದಲ್ಲಿದ್ದರೆ ಉಳಿದವರ ಮನಸ್ಸು ಕೆಡಿಸಿಯಾರು ಎಂಬುದು ಇನ್ನೊಂದು. ಕಷ್ಟದ ಮನುಷ್ಯರನ್ನು ದೂರ ತಳ್ಳದೆ ತನ್ನ ದೋಣಿಗೇ ಹತ್ತಿಸಿಕೊಂಡ ಈ ಒಂದು ನಿರ್ಧಾರಕ್ಕೆ ನಾನು ಶಾಕಲ್ಟನ್‌ಗೆ ಐದಕ್ಕೆ ಐದು ಕೊಡುತ್ತೇನೆ. ನಾವಾದರೆ ಅಂಥವರಿಗೆ ನೈಟ್ ಡ್ಯೂಟಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಸುಮಾರು 1,500 ಕಿಲೋಮೀಟರ್ ಸಾಗಿ ಮೇ 10ರಂದು ದಕ್ಷಿಣ ಜಾರ್ಜಿಯಾ ಸೇರಿದರು. ಜನ ಇರುವುದು ಬೆಟ್ಟಗಳಾಚೆ. ಶಾಕಲ್ಟನ್, ಕ್ರೀನ್, ವೋರ್ಸ್ಲಿ ನಡೆದು ಹೊರಟಾಗ ಹಿಮದಲ್ಲಿ ಜಾರದಂತೆ ಅವರ ಬೂಟಿನ ಅಡಿಗೆ ದೋಣಿಯ ಸ್ಕ್ರೂಗಳನ್ನು ಬಿಗಿದುಕೊಟ್ಟವನು ಅದೇ ಬಡಗಿ. ಹಿಂದೆ ಉಳಿದ ಮೂವರಿಗೆ ನೀನೇ ಜವಾಬ್ದಾರ ಎಂದು ಶಾಕಲ್ಟನ್ ಅವನಿಗೆ ಕೈಬರಹದಲ್ಲಿ ಬರೆದುಕೊಟ್ಟ. ಮಾತು ಕೇಳದವನೆಂಬ ಹೆಸರಿನವನಿಗೆ ಇನ್‌ಚಾರ್ಜ್ ಪಟ್ಟ.

ಎಲಿಫೆಂಟ್ ದ್ವೀಪದಲ್ಲಿ 22 ಜನ ಫ್ರ್ಯಾಂಕ್ ವೈಲ್ಡ್‌ನ ಕೈಕೆಳಗೆ ಎರಡು ದೋಣಿ ಮಗುಚಿಹಾಕಿ ಅದರಡಿ ಬದುಕಿದರು. ಬಾಸ್ ಇವತ್ತು ಬಂದರೂ ಬಂದಾನು, ಹಾಸಿಗೆ ಸುತ್ತಿಡಿ ಎಂದು ವೈಲ್ಡ್ ದಿನಾ ಬೆಳಗ್ಗೆ ಹೇಳುತ್ತಿದ್ದನಂತೆ. ಅಲ್ಲಿಯೇ ಬ್ಲ್ಯಾಕ್‌ಬರೋನ ಎಡಗಾಲಿನ ಕೊಳೆತ ಬೆರಳುಗಳನ್ನು ಕತ್ತರಿಸಬೇಕಾಯಿತು. ಉಳಿದದ್ದು ಸ್ವಲ್ಪ ಕ್ಲೋರೋಫಾರ್ಮ್. ಅದು ಆವಿಯಾಗಬೇಕಾದರೆ ಜಾಗ ಬೆಚ್ಚಗಿರಬೇಕು, ಹೊರಗೆ ಎಲ್ಲ ಹೆಪ್ಪುಗಟ್ಟಿದೆ. ಹರ್ಲಿ ಪೆಂಗ್ವಿನ್ ತೊಗಲು ಉರಿಸಿ ಒಲೆ ಧಗಧಗ ಮಾಡಿದ, ಮ್ಯಾಕ್ಲಿನ್ ಕ್ಲೋರೋಫಾರ್ಮ್ ಕೊಟ್ಟ, ಮೆಕಿಲ್‌ರಾಯ್ ಕತ್ತರಿಸಿದ. ಹುಡುಗ ಉಳಿದ. ಮೂರು ಸಲ ವಿಫಲನಾಗಿ, ನಾಲ್ಕನೇ ಸಲ ಶಾಕಲ್ಟನ್ ಚಿಲಿಯ ಯೆಲ್ಚೊ ಹಡಗಿನಲ್ಲಿ ಬಂದು 1916ರ ಆಗಸ್ಟ್ 30ರಂದು ಎಲ್ಲರನ್ನೂ ಕರೆದುಕೊಂಡು ಹೋದ.

ಊರಿಗೆ ಬಂದ ಮೇಲೆ ಪೋಲಾರ್ ಮೆಡಲ್‌ಗೆ ಹೆಸರು ಕೊಡುವ ಸಮಯ. ಆ 28ರಲ್ಲಿ ನಾಲ್ವರಿಗೆ ಪದಕ ಬರಲಿಲ್ಲ: ಮೆಕ್‌ನಿಶ್, ವಿನ್ಸೆಂಟ್, ಹೋಲ್ನೆಸ್, ಸ್ಟೀಫನ್ಸನ್. ಕದ್ದು ಹತ್ತಿದ ಹುಡುಗನಿಗೆ ಬಂತು. ಮೈಗಳ್ಳ ಸ್ಟೋರ್‌ಕೀಪರ್‌ಗೂ ಬಂತು. ಕೆಳದರ್ಜೆಯವರಿಗೆಲ್ಲ ತಪ್ಪಿತು ಎಂದಲ್ಲ, ಆದರೆ ತಪ್ಪಿದ ನಾಲ್ವರೂ ಕೆಳದರ್ಜೆಯವರೇ. ಒಬ್ಬ ಬಡಗಿ, ಒಬ್ಬ ಮೀನು ದೋಣಿಯವನು, ಇಬ್ಬರು ಎಂಜಿನ್‌ಗೆ ಕಲ್ಲಿದ್ದಲು ಹಾಕುವವರು. ಬಡಗಿಗೆ ಪದಕ ಕೊಡದಿದ್ದುದು ಘೋರ ಅನ್ಯಾಯ ಎಂದು ಡಾಕ್ಟರ್ ಮ್ಯಾಕ್ಲಿನ್ ಆಮೇಲೆ ಹೇಳಿದ.

ಇಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ಏಕೆಂದರೆ ಅದೇ ವಾರ ನಾನೂ ಒಬ್ಬನ ಫಾರಂ ತುಂಬಿದ್ದೆ. ಆತ ಶುಕ್ರವಾರ ಎಕ್ಸ್‌ಪೈರಿ ಚೆಕ್ಕಿಂಗ್‌ಗೆ ಬರುವುದಿಲ್ಲ ಎಂದಿದ್ದ, ಕಾಂಟ್ರ್ಯಾಕ್ಟ್‌ನಲ್ಲಿ ಎಲ್ಲಿದೆ ತೋರಿಸಿ ಎಂದು ಎಲ್ಲರೆದುರು ಕೇಳಿದ್ದ. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅದಾಗಿ ಮೂರು ವಾರಕ್ಕೆ, ಒಂದು ಮಗುವಿನ ಸಿರಪ್ಪಿನ ಲೇಬಲ್‌ನಲ್ಲಿ ನಾನು ದಶಮಾಂಶದ ಚುಕ್ಕೆ ತಪ್ಪಿಸಿದ್ದೆ, ಹತ್ತು ಪಟ್ಟು ಡೋಸ್. ಬಾಟಲಿ ಕೌಂಟರ್ ದಾಟುವ ಮೊದಲು ಹಿಡಿದವನು ಅವನೇ. ಹಿಡಿದ ರೀತಿಯೂ ಅವನದೇ, ಇಡೀ ಫಾರ್ಮಸಿಗೆ ಕೇಳುವ ಹಾಗೆ. ನಿಯಮದಂತೆ ರಿಪೋರ್ಟ್ ಬರೆದೆ. ಆದರೆ ಅವನ ಅಪ್ರೈಸಲ್‌ನಲ್ಲಿ ಆ ವಿಷಯ ಬರೆಯಲಿಲ್ಲ. ಸಹಕಾರ ಮನೋಭಾವ: ಎರಡು. ಆ ಸಂಖ್ಯೆ ಬರೆದಾಗ ನನಗೆ ಶುಕ್ರವಾರದ ನೆನಪಿತ್ತು, ಬಾಟಲಿಯ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫಾರಂ ಆಗಲೇ ಎಚ್‌ಆರ್‌ಗೆ ಹೋಗಿತ್ತು. ವಾಪಸ್ ಕೇಳಬಹುದಿತ್ತು, ಕೇಳಲಿಲ್ಲ. ಅವನಿಗೆ ಇನ್‌ಕ್ರಿಮೆಂಟ್ ಆಗಲಿಲ್ಲ. ಮರುವರ್ಷ ಕೆಲಸ ಬಿಟ್ಟು ಊರಿಗೆ ಹೋದ.

ಮೆಕ್‌ನಿಶ್ ನ್ಯೂಜಿಲೆಂಡ್‌ಗೆ ಹೋಗಿ, ಕೈಯಲ್ಲಿ ಕಾಸಿಲ್ಲದೆ, 1930ರಲ್ಲಿ ವೆಲಿಂಗ್ಟನ್‌ನಲ್ಲಿ ತೀರಿಕೊಂಡ. ನೌಕಾದಳದ ಮರ್ಯಾದೆಯಿಂದ ಹೂಳಿದರು, ಆದರೆ ಗೋರಿಯ ಮೇಲೆ ಹೆಸರಿನ ಕಲ್ಲು ಬಂದದ್ದು 1959ರಲ್ಲಿ. 2004ರಲ್ಲಿ ಆ ಗೋರಿಯ ಮೇಲೆ ಮಿಸೆಸ್ ಚಿಪ್ಪಿಯ ಕಂಚಿನ ಪ್ರತಿಮೆ ಕೂರಿಸಿದರು. ಮುಳುಗಿದ ಹಡಗು 2022ರ ಮಾರ್ಚ್‌ನಲ್ಲಿ 3,008 ಮೀಟರ್ ಆಳದಲ್ಲಿ ಸಿಕ್ಕಿತು.

ಈ ಲೇಖನ ಬರೆಯುವ ಮೊದಲು ನನ್ನ ಆ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಸ್ವಂತ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಎರಡು ಹಾಕಿದವನು ನಾನೇ ಎಂದೆ. ಗೊತ್ತಿತ್ತು ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, ವ್ಯಾಕ್ಸಿನ್ ಫ್ರಿಡ್ಜಿನ ಟೆಂಪರೇಚರ್ ಬುಕ್ಕನ್ನು ಈಗಲೂ ಬೆಳಗ್ಗೆ ಕೂತು ಒಟ್ಟಿಗೇ ತುಂಬುತ್ತೀರಾ ಎಂದು ಕೇಳಿದ.