ಬೆಣ್ಣೆ, ಮಸಿ, ಗಾಜು

ಕಳೆದ ತಿಂಗಳು ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದ್ದಳು. ಡಾಕ್ಟರು ಚೀಟಿಯಲ್ಲಿ 'ಪ್ಯಾಪ್ ಸ್ಮಿಯರ್' ಎಂದು ಬರೆದಿದ್ದರಂತೆ. ಮೊಬೈಲಿನಲ್ಲಿ ಅರ್ಥ ಹುಡುಕಿದರೆ ಬಳಿಯುವುದು, ಮಸಿ ಹಚ್ಚುವುದು, ಹೆಸರು ಕೆಡಿಸುವುದು ಎಂದೆಲ್ಲ ಬಂದಿದೆ. "ಇಂಥಾ ಹೆಸರಿನ ಪರೀಕ್ಷೆ ನನಗ್ಯಾಕೋ ತಮ್ಮಾ?" ಎಂದು ನಕ್ಕಳು. ಆದರೆ ಚೀಟಿ ಬರೆಸಿಕೊಂಡು ಆಗಲೇ ಆರು ತಿಂಗಳಾಗಿತ್ತು.

ಆ ರಾತ್ರಿ ಪುಣೆಯ ಮನೆಯಲ್ಲಿ ಕೂತು ಈ ಪದದ ಜಾಡು ಹಿಡಿದೆ.

ಕನ್ನಡದಲ್ಲಿ ನಾವು ಎಣ್ಣೆ ಹಚ್ಚುತ್ತೇವೆ, ಸುಣ್ಣ ಬಳಿಯುತ್ತೇವೆ, ನೆಲಕ್ಕೆ ಸಗಣಿ ಸಾರಿಸುತ್ತೇವೆ. ವಸ್ತುವಿಗೆ ತಕ್ಕ ಕ್ರಿಯಾಪದ. ಇಂಗ್ಲಿಷಿನ 'ಸ್ಮಿಯರ್' ಮಾತ್ರ ಜಿಡ್ಡಿಗೂ ಕೆಸರಿಗೂ ಒಂದೇ. ಅದರ ಹುಟ್ಟು ಮಾತ್ರ ಒಳ್ಳೆಯ ಮನೆಯದು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲಪದಕ್ಕೆ ಕೊಬ್ಬು, ಜಿಡ್ಡು ಎಂಬ ಅರ್ಥ. ಅದರ ಕ್ರಿಯಾಪದಕ್ಕೆ ಎಣ್ಣೆ ಹಚ್ಚಿ ಅಭಿಷೇಕ ಮಾಡುವುದು ಎಂಬ ಅರ್ಥವೂ ಇತ್ತು. ಅದೇ ಬಳಗದ ಸ್ವೀಡಿಷ್ ಪದ 'ಸ್ಮೋರ್' ಎಂದರೆ ಇವತ್ತಿಗೂ ಬೆಣ್ಣೆ. ಮುಂದೆ ಅರ್ಥ ಕಲೆಯ ಕಡೆಗೆ ವಾಲಿತು. 1930ರ ದಶಕದ ಹೊತ್ತಿಗೆ ಅಮೆರಿಕದ ರಾಜಕೀಯದಲ್ಲಿ ಎದುರಾಳಿಯ ಹೆಸರಿಗೆ ಮಸಿ ಬಳಿಯುವುದಕ್ಕೂ ಇದೇ ಪದ ರೂಢಿಯಾಯಿತು.

ಅಷ್ಟರಲ್ಲಿ ಪ್ರಯೋಗಾಲಯದವರು ಇದಕ್ಕೆ ಬೇರೆಯೇ ಕೆಲಸ ಕೊಟ್ಟಿದ್ದರು. ರಕ್ತವನ್ನೋ ದ್ರವವನ್ನೋ ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ ನೋಡಿದರೆ ಜೀವಕೋಶಗಳು ಬಿಡಿಬಿಡಿಯಾಗಿ ಕಾಣುತ್ತವೆ. ಗ್ರೀಸಿನಿಂದ 1913ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಜಾರ್ಜ್ ಪಾಪಾನಿಕೊಲಾವ್ ಮೊದಲು ಗಿನಿಯಿಲಿಗಳ ಮೇಲೆ ಈ ವಿಧಾನ ಬಳಸಿದ. ಆಮೇಲೆ ಹೆಂಡತಿ ಆಂಡ್ರೊಮಾಕಿ ತನ್ನದೇ ಮಾದರಿ ಕೊಟ್ಟಳು. ಗರ್ಭಕೊರಳಿನ ಕ್ಯಾನ್ಸರ್ ಹೀಗೆ ಪತ್ತೆಯಾಗುತ್ತದೆಂದು ಅವನು 1928ರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಪುಸ್ತಕ ಬಂದ ಮೇಲೆ ಜಗತ್ತು ಒಪ್ಪಿತು. 'ಪ್ಯಾಪ್' ಅವನ ಹೆಸರಿನ ಮೊದಲ ತುಣುಕು. ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಜೀವಕೋಶದ ಬದಲಾವಣೆಯನ್ನು ಈ ಪರೀಕ್ಷೆ ತೋರಿಸಬಲ್ಲದು. ಇದು ವಾಡಿಕೆಯಾದ ದೇಶಗಳಲ್ಲಿ ಈ ಕಾಯಿಲೆಯ ಸಾವುಗಳು ಬಹಳ ಇಳಿದಿವೆ.

ಮರುದಿನ ಅಕ್ಕನಿಗೆ ಇಷ್ಟನ್ನೂ ಹೇಳಿದೆ. "ಇದು ಮಸಿ ಬಳಿಯೋದಲ್ಲ ಅಕ್ಕಾ, ಗಾಜಿನ ಮೇಲೆ ಸವರಿ ನೋಡೋದು. ಹತ್ತು ನಿಮಿಷದ ಕೆಲಸ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೆಣ್ಣೆ ಹಚ್ಚಬೇಡ, ಹೋಗ್ತೀನಿ" ಎಂದಳು. ಸೋಮವಾರ ಹೋಗಿಬಂದಳು. ವರದಿ ಇನ್ನೂ ಬಂದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಚೀಟಿ ಡಬ್ಬಿಯ ತಳದಲ್ಲಿ ಇರಬಹುದು, ಒಮ್ಮೆ ಕೇಳಿ ನೋಡಿ.