ಕ್ಲಾಸ್ಟ್ರಮ್: ಮಿದುಳಿನ ಒಂದು ತೆಳುಹಾಳೆಯ ಸಂಶೋಧನಾ ಚರಿತ್ರೆ

ಮನುಷ್ಯನ ಮಿದುಳನ್ನು ಕಿವಿಗಿಂತ ತುಸು ಮೇಲೆ ಅಡ್ಡಲಾಗಿ ಸೀಳಿದರೆ ಎಡಬಲಗಳಲ್ಲಿ ಒಂದೊಂದು ಬೂದುಬಣ್ಣದ ಗೆರೆ ಕಾಣುತ್ತದೆ. ಅದರ ಹೊರಬದಿಗೆ ಇನ್ಸುಲಾ ಎಂಬ ಹೊರಪದರದ ಮಡಿಕೆಯಿದೆ, ಒಳಬದಿಗೆ ಚಲನೆಯ ನಿಯಂತ್ರಣದಲ್ಲಿ ಪಾಲಿರುವ ಪ್ಯುಟಾಮೆನ್ ಇದೆ. ಇವೆರಡರ ನಡುವೆ, ಬಿಳಿಯ ನರತಂತುಗಳ ಎರಡು ಪಟ್ಟಿಗಳ ಮಧ್ಯೆ ಈ ಗೆರೆ ಸಿಕ್ಕಿಕೊಂಡಿದೆ. ಸೀಳಿದಾಗ ಗೆರೆಯಂತೆ ತೋರುವುದು ನಿಜಕ್ಕೂ ಒಂದು ಹಾಳೆ. ಅದರ ದಪ್ಪ ಹಲವೆಡೆ ಒಂದೆರಡು ಮಿಲಿಮೀಟರ್, ಕೆಲವೆಡೆ ಅಷ್ಟೂ ಇಲ್ಲ. ಅದರ ಹೆಸರು ಕ್ಲಾಸ್ಟ್ರಮ್. ಇದು ಪತ್ತೆಯಾಗಿ ಎರಡು ಶತಮಾನ ಕಳೆದರೂ ಇದರ ಕೆಲಸವೇನು ಎಂಬ ಬಗ್ಗೆ ಒಮ್ಮತ ಮೂಡಿಲ್ಲ. ವಿಜ್ಞಾನಿಗಳ ಅಲಕ್ಷ್ಯಕ್ಕಿಂತ ಈ ಹಾಳೆಯ ಆಕಾರವೇ ಅದಕ್ಕೆ ಹೆಚ್ಚು ಕಾರಣ ಎಂಬುದು ನನ್ನ ವಾದ.

ಫ್ರಾನ್ಸಿನ ಅಂಗರಚನಾಶಾಸ್ತ್ರಜ್ಞ ಫೆಲಿಕ್ಸ್ ವಿಕ್ ದಜಿರ್ 1786ರ ತನ್ನ ಗ್ರಂಥದಲ್ಲಿ ಈ ಭಾಗವನ್ನು ಚಿತ್ರಸಮೇತ ದಾಖಲಿಸಿದ. ಕ್ಲಾಸ್ಟ್ರಮ್ ಎಂಬ ಹೆಸರು ಬಂದದ್ದು 1822ರಲ್ಲಿ, ಜರ್ಮನಿಯ ಬುರ್ಡಾಖ್‌ನಿಂದ. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದದ್ದು ವಂಶಾವಳಿಯ ಜಗಳ. ಇದು ಇನ್ಸುಲಾದಿಂದ ಬೇರ್ಪಟ್ಟ ಪದರ ಎಂದು ಮೈನರ್ಟ್, ಬ್ರಾಡ್‌ಮನ್ ಮೊದಲಾದವರು ನಂಬಿದ್ದರು. ಇನ್ನು ಕೆಲವರು ಅದನ್ನು ಪ್ಯುಟಾಮೆನ್ ಇರುವ ಒಳಗಿನ ಗಂಟುಗಳ ಗುಂಪಿಗೆ ಸೇರಿಸಿದರು. ಸೂಕ್ಷ್ಮದರ್ಶಕವೊಂದನ್ನೇ ನೆಚ್ಚಿಕೊಂಡಿದ್ದವರಿಗೆ ಈ ಪ್ರಶ್ನೆ ಬಿಟ್ಟರೆ ಕೇಳಲು ಬೇರೆ ಪ್ರಶ್ನೆಯೂ ಇರಲಿಲ್ಲ.

ಮಿದುಳಿನ ಒಂದು ಭಾಗ ಏನು ಮಾಡುತ್ತದೆಂದು ತಿಳಿಯುವ ಹಳೆಯ ದಾರಿ, ಅದು ಕೆಟ್ಟಾಗ ಏನು ತಪ್ಪುತ್ತದೆಂದು ನೋಡುವುದು. ಮಾತಿನ ಕೇಂದ್ರಗಳು ಹಾಗೆಯೇ ಗೊತ್ತಾದವು. ಕ್ಲಾಸ್ಟ್ರಮ್ ವಿಷಯದಲ್ಲಿ ಆ ದಾರಿಯೇ ಮುಚ್ಚಿತ್ತು. ಪಾರ್ಶ್ವವಾಯುವಾಗಲಿ ಗುಂಡೇಟಾಗಲಿ ಇಷ್ಟು ತೆಳುವಾದ ಹಾಳೆಯನ್ನು ಮಾತ್ರ ಕೆಡಿಸಿ ಅಕ್ಕಪಕ್ಕವನ್ನು ಬಿಡುವುದಿಲ್ಲ. ಎರಡೂ ಬದಿಯ ಹಾಳೆಗಳಷ್ಟೇ ಹಾಳಾದ ರೋಗಿ ಸಿಗುವುದಂತೂ ದೂರದ ಮಾತು. ಹಾಗಾಗಿ ಸಂಶೋಧನೆ ಸಂಪರ್ಕಗಳ ಕಡೆ ತಿರುಗಿತು. ತಂತುಗಳ ಜಾಡು ಹಿಡಿಯುವ ಬಣ್ಣದ್ರವ್ಯಗಳು ಬಂದ ಮೇಲೆ, 1980ರ ಸುಮಾರಿಗೆ, ಆಲ್ಸನ್ ಮತ್ತು ಗ್ರೇಬಿಯಲ್ ಬೆಕ್ಕಿನ ಕ್ಲಾಸ್ಟ್ರಮ್‌ನಲ್ಲಿ ಇಂದ್ರಿಯಗಳ ನಕ್ಷೆಗಳನ್ನು ಗುರುತಿಸಿದರು. ಷೆರ್ಕ್ ಮತ್ತು ಲೆವೇ ದೃಷ್ಟಿಯ ಭಾಗವನ್ನು ವಿವರಿಸಿದರು. ಹೊರಪದರದ ಬಹುಪಾಲು ಪ್ರದೇಶಗಳಿಂದ ಇಲ್ಲಿಗೆ ತಂತುಗಳು ಬರುತ್ತವೆ, ಇಲ್ಲಿಂದ ಮರಳಿ ಅಲ್ಲಿಗೇ ಹೋಗುತ್ತವೆ. ಈ ಇಬ್ಬದಿ ವ್ಯವಹಾರವೇ ಮುಂದಿನ ಎಲ್ಲ ಊಹೆಗಳಿಗೂ ಬುನಾದಿಯಾಯಿತು.

ಆ ಊಹೆಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಫ್ರಾನ್ಸಿಸ್ ಕ್ರಿಕ್‌ನದು. ಡಿಎನ್‌ಎ ರಚನೆಯನ್ನು ಬಿಡಿಸಿದ ಅದೇ ಕ್ರಿಕ್ ಕೊನೆಯ ದಶಕಗಳನ್ನು ಪ್ರಜ್ಞೆಯ ಪ್ರಶ್ನೆಗೆ ಮೀಸಲಿಟ್ಟಿದ್ದ. ಕ್ರಿಸ್ಟಾಫ್ ಕಾಖ್ ಜೊತೆ ಕ್ಲಾಸ್ಟ್ರಮ್ ಕುರಿತು ಬರೆದ ಪ್ರಬಂಧವನ್ನು ಅವನು ಆಸ್ಪತ್ರೆಯಲ್ಲಿದ್ದೇ ತಿದ್ದುತ್ತಿದ್ದ. ಅವನು ತೀರಿಕೊಂಡದ್ದು 2004ರ ಜುಲೈ 28ರಂದು. ಪ್ರಬಂಧ ಅಚ್ಚಾದದ್ದು 2005ರಲ್ಲಿ. ಕಂಡ ಬಣ್ಣ, ಕೇಳಿದ ದನಿ, ಮುಟ್ಟಿದ ಸ್ಪರ್ಶ ಬಿಡಿಬಿಡಿಯಾಗಿ ಬಂದರೂ ಅನುಭವ ಒಂದೇ ಆಗಿರುವುದು ಹೇಗೆ? ವಾದ್ಯವೃಂದದ ನಿರ್ದೇಶಕನ ಹಾಗೆ ಕ್ಲಾಸ್ಟ್ರಮ್ ಹೊರಪದರದ ಚಟುವಟಿಕೆಗಳನ್ನು ಹೊಂದಿಸುತ್ತಿರಬಹುದು ಎಂಬುದು ಅವರ ಸೂಚನೆ. ಪ್ರಬಂಧದ ಧಾಟಿ ಎಚ್ಚರಿಕೆಯದೇ. ಆದರೆ ನಿರ್ದೇಶಕನ ಉಪಮೆ ಅಂಕಿತನಾಮದಂತೆ ಅಂಟಿಕೊಂಡಿತು, ಎಚ್ಚರಿಕೆ ಹಿಂದುಳಿಯಿತು.

2014ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೊಹಮದ್ ಕೂಬೈಸಿ ತಂಡದ ವರದಿ ಆ ಉಪಮೆಗೆ ಇನ್ನಷ್ಟು ಬಲ ಕೊಟ್ಟಿತು. ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಮುನ್ನ 54 ವರ್ಷದ ಮಹಿಳೆಯೊಬ್ಬರ ಮಿದುಳಿಗೆ ಎಲೆಕ್ಟ್ರೋಡುಗಳನ್ನು ಇಳಿಸಿದ್ದರು. ಎಡ ಕ್ಲಾಸ್ಟ್ರಮ್ ಬಳಿಯ ಒಂದಕ್ಕೆ ವಿದ್ಯುತ್ ಹರಿಸಿದಾಗ ಆಕೆ ಓದುವುದನ್ನು ನಿಲ್ಲಿಸಿ ಶೂನ್ಯದೃಷ್ಟಿಯಿಂದ ಕುಳಿತರು, ಕರೆದರೂ ಓಗೊಡಲಿಲ್ಲ. ವಿದ್ಯುತ್ ನಿಂತೊಡನೆ ಎಚ್ಚರ ಬಂತು, ನಡೆದದ್ದರ ನೆನಪಿರಲಿಲ್ಲ. ಮಾತು ಮತ್ತು ಚಲನೆಗಷ್ಟೇ ತಡೆ ಬಿದ್ದಿದೆಯೋ ಎಂದು ಪರೀಕ್ಷಿಸಲು ಒಂದು ಪದವನ್ನು ಹೇಳುತ್ತಲೇ ಇರಿ, ಬೆರಳು ಚಿಟಿಕೆ ಹೊಡೆಯುತ್ತಲೇ ಇರಿ ಎಂದು ಮೊದಲೇ ಹೇಳಿದ್ದರು. ಮಾತಿಗಷ್ಟೇ ತಡೆ ಬಿದ್ದಿದ್ದರೆ ಅದು ಥಟ್ಟನೆ ನಿಲ್ಲಬೇಕಿತ್ತು; ಹಾಗಾಗದೆ ದನಿ ತಗ್ಗುತ್ತಾ ಬಂದು ನಿಂತಿತು. ಈ ವಿವರವೇ ವರದಿಯ ಜೀವಾಳ. ಪತ್ರಿಕೆಗಳು ಮಾತ್ರ 'ಪ್ರಜ್ಞೆಯ ಸ್ವಿಚ್ಚು' ಎಂದು ಬರೆದವು. ಒಬ್ಬರೇ ರೋಗಿ, ಆಕೆಗೆ ಹಿಂದೆ ಹಿಪ್ಪೊಕ್ಯಾಂಪಸ್‌ನ ಒಂದು ಭಾಗ ತೆಗೆದ ಶಸ್ತ್ರಚಿಕಿತ್ಸೆ ಆಗಿತ್ತು, ಎಲೆಕ್ಟ್ರೋಡು ಇದ್ದದ್ದು ಕ್ಲಾಸ್ಟ್ರಮ್ ಮತ್ತು ಇನ್ಸುಲಾದ ನಡುವೆ: ಇಷ್ಟು ಮಿತಿಗಳಿದ್ದವು.

ಅನಂತರದ ಸಾಕ್ಷ್ಯ ಅಷ್ಟು ಉತ್ಸಾಹಕರವಾಗಿಲ್ಲ. ತಲೆಗೆ ಗಾಯವಾದ ವಿಯೆಟ್ನಾಂ ಯುದ್ಧದ ಯೋಧರ 2015ರ ಅಧ್ಯಯನದಲ್ಲಿ ಕ್ಲಾಸ್ಟ್ರಮ್ ಗಾಯಕ್ಕೂ ಪ್ರಜ್ಞೆ ತಪ್ಪಿದ ಅವಧಿಯ ಉದ್ದಕ್ಕೂ ನಂಟು ಕಂಡಿತು, ಎಷ್ಟು ಜನರಿಗೆ ಪ್ರಜ್ಞೆ ತಪ್ಪಿತೆಂಬುದಕ್ಕೆ ಕಾಣಲಿಲ್ಲ. 2019ರಲ್ಲಿ ಬಿಕೆಲ್ ಮತ್ತು ಪರ್ವಿಜಿ ಬೇರೆ ರೋಗಿಗಳ ಕ್ಲಾಸ್ಟ್ರಮ್‌ಗೇ ವಿದ್ಯುತ್ ಹರಿಸಿದರು, ಪ್ರಜ್ಞೆ ತಪ್ಪಲಿಲ್ಲ. ಅದಕ್ಕೂ ಮುಂಚೆ, 2010ರಲ್ಲಿ, ರಯನ್ ರೆಮೆಡಿಯೋಸ್ ಮತ್ತು ಸಂಗಡಿಗರು ಕೋತಿಗಳಲ್ಲಿ ಅಳೆದಾಗ ಶಬ್ದಕ್ಕೆ ಸ್ಪಂದಿಸುವ ಕೋಶಗಳು ಒಂದೆಡೆ, ದೃಶ್ಯಕ್ಕೆ ಸ್ಪಂದಿಸುವವು ಇನ್ನೊಂದೆಡೆ ಇದ್ದವು. ಇಂದ್ರಿಯಗಳು ಇಲ್ಲೇ ಬೆಸೆಯುತ್ತವೆ ಎಂಬ ವಾದಕ್ಕೆ ಇದು ನೇರ ಪೆಟ್ಟು.

ಹಾಗಾದರೆ ಈ ಹಾಳೆಯ ಕೆಲಸವೇನು? ಇಲಿಗಳಲ್ಲಿ ವಂಶವಾಹಿ ತಂತ್ರಗಳಿಂದ ಕ್ಲಾಸ್ಟ್ರಮ್ ಕೋಶಗಳನ್ನಷ್ಟೇ ಮುಟ್ಟಲು ಸಾಧ್ಯವಾದ ಮೇಲೆ ಉತ್ತರದ ದಿಕ್ಕು ಬದಲಾಯಿತು. ಈ ಕೋಶಗಳನ್ನು ಕೆಣಕಿದಾಗ ಹೊರಪದರದ ತಡೆಕೋಶಗಳು ಎಚ್ಚೆತ್ತು ಆ ಪ್ರದೇಶವನ್ನು ಸುಮ್ಮನಾಗಿಸುತ್ತವೆ ಎಂದು 2018ರಲ್ಲಿ ತಿಳಿಯಿತು. ಅದೇ ವರ್ಷ ಹೀಬ್ರೂ ವಿಶ್ವವಿದ್ಯಾಲಯದ ತಂಡ, ಕ್ಲಾಸ್ಟ್ರಮ್ ಅಡಗಿಸಿದ ಇಲಿಗಳ ಗಮನ ಅನಗತ್ಯ ಶಬ್ದಗಳಿಂದ ಬೇಗ ತಪ್ಪುತ್ತದೆ ಎಂದು ತೋರಿಸಿತು. 2020ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ತಂಡ ಗಾಢನಿದ್ರೆಯ ನಿಧಾನ ಅಲೆಗಳನ್ನು ಇದು ಏಕಕಾಲಕ್ಕೆ ಹೊಂದಿಸುತ್ತದೆಂದು ಪ್ರಕಟಿಸಿತು. ಸ್ವರ ಎತ್ತಿಸುವುದಕ್ಕಿಂತ ಮೌನ ಹೇರುವುದರಲ್ಲಿ ಇದರ ಕೈಚಳಕ ಹೆಚ್ಚು ಎಂಬುದು ನನ್ನ ಓದು. ನಿದ್ರೆ ಮತ್ತು ಏಕಾಗ್ರತೆ ಎರಡಕ್ಕೂ ಆ ಮೌನ ಬೇಕು.

ಇಲಿಗಳಲ್ಲಿ ದೊರೆತದ್ದು ಮನುಷ್ಯನಲ್ಲಿ ಇನ್ನೂ ಸಾಬೀತಾಗಬೇಕಿದೆ. ಪ್ರಜ್ಞೆಯ ಸ್ವಿಚ್ಚು ಸಿಕ್ಕಿತೆಂಬ ಬರಹಗಳು 2014ರ ಒಂದು ಪ್ರಕರಣವನ್ನು ವಿಸ್ತಾರವಾಗಿ ಹೇಳಿ 2019ರ ಪ್ರಯೋಗವನ್ನು ಕೈಬಿಡುತ್ತವೆ. ಓದುಗರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.